ಮೂರನೆಯ ಸಾಲಿನ ತ್ರಿಕೋನ

ಮೂರು ದಿನ ಬಿಡದೆ ಹೊಯ್ದ ಮಳೆ ಆ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ನಿಂತಿತ್ತು. ಗಾಳಿಯೂ ಇರಲಿಲ್ಲ. ನಮ್ಮ ದ್ವೀಪದಲ್ಲಿ ಮಾರ್ಚ್ ತಿಂಗಳಲ್ಲಿ ಗಾಳಿ ಇಲ್ಲವೆಂದರೆ, ದೇವಮಾತೆ ಮಲಗಿದ ಮಗುವಿನ ಹತ್ತಿರ ಉಸಿರು ಬಿಗಿಹಿಡಿದು ಕೂತಿದ್ದಾಳೇನೋ ಅನ್ನಿಸುತ್ತದೆ. ಬಿಸಿಲು ಬಿದ್ದು ಚೌಕದ ಸುತ್ತಲಿನ ಗೋಡೆಗಳಿಂದ ಹಬೆ ಏಳತೊಡಗಿತು. ಮಳೆಯಲ್ಲಿ ಹಲ್ಲು ಕಚ್ಚಿ ಹಿಡಿದುಕೊಂಡಿದ್ದ ಗಾರೆ, ಇನ್ನೇನೂ ಭಯವಿಲ್ಲ ಎನ್ನುವ ಹೊತ್ತಿಗೆ ಸರಿಯಾಗಿ ಕೈಬಿಟ್ಟಿತು. ಮಾರ್ಕೆಲ್ಲಳ ಮನೆಯ ಮುಂಗೋಡೆಯಿಂದ ಬಾಗಿಲಗಲದ ಒಂದು ತುಂಡು ಕಳಚಿ ಕಲ್ಲುಹಾಸಿನ ಮೇಲೆ ಬಿತ್ತು.

ಎದುರಿನ ಕಾಫಿ ಅಂಗಡಿಯಲ್ಲಿ ಕೂತಿದ್ದ ಝನ್ನಿ ಮೇಸ್ತ್ರಿ ತಿರುಗಿ ನೋಡಿದ. ಎದ್ದು ನಿಂತ. ಟೋಪಿ ತೆಗೆದು, ನಿಧಾನವಾಗಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

"ಹೆದರ್ಕೊಂಡ್ರಾ ಮೇಸ್ತ್ರಿ?" ಎಂದ ಅಂಗಡಿಯ ಪಾಂದೆಲಿ.

"ಇಲ್ಲ ಕಣೋ. ದೇವರಿಗೆ ಸ್ತೋತ್ರ ಹೇಳ್ದೆ."

"ಪಾಪ, ಆ ಮುದುಕಿ ಗೋಡೆ ಬಿದ್ದಿದ್ದಕ್ಕಾ?"

"ಯಾವುದು ಬಿದ್ದಿದೆ ಸರಿಯಾಗ್ ನೋಡು."

ಪಾಂದೆಲಿ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ನೋಡಿದ. ಮೇಲಿನಿಂದ ಮೂರನೆಯ ಸಾಲು, ಕಿಟಕಿಯ ಎಡಕ್ಕೆ. ಅವನ ಮೀಸೆಯಡಿ ನಗು ಮೆಲ್ಲಗೆ ಹರಡಿತು. "ಓಹೋ. ಕೊನೆಗೂ ಅವನು ಹೋದ್ನಾ?" ಎಂದ.

ಅವನೆಂದರೆ ಮನುಷ್ಯನಲ್ಲ, ಒಂದು ತ್ರಿಕೋನ.

ನಮ್ಮೂರಿನ ಮನೆಗಳ ಮುಂಗೋಡೆಗಳೆಲ್ಲ ಕೆರೆದ ಗೋಡೆಗಳು. ಕಡಲ ದಂಡೆಯ ಕಪ್ಪು ಮರಳು ಬೆರೆಸಿದ ಗಾರೆ ಮೆತ್ತಿ, ಅದರ ಮೇಲೆ ಸುಣ್ಣ ಬಳಿದು, ಹಸಿ ಆರುವ ಮೊದಲೇ ಪಟ್ಟಿ ಕೈವಾರ ಹಿಡಿದು ಗೆರೆ ಹಾಕಿ, ಊಟದ ಮುಳ್ಳುಚಮಚದಿಂದ ಸುಣ್ಣವನ್ನು ಕೆರೆದು ತೆಗೆಯುತ್ತಾರೆ. ಕೆರೆದಲ್ಲಿ ಕಪ್ಪು, ಬಿಟ್ಟಲ್ಲಿ ಬಿಳಿ. ಸಾಲು ಸಾಲಾಗಿ ತ್ರಿಕೋನ, ಚೌಕ, ಚಕ್ರ. ಬೇರೆ ಊರಿನವರು ಗೋಡೆಗೆ ದುಬಾರಿ ಉಪಕರಣ ತರುತ್ತಾರೆ, ನಮ್ಮವರು ಅಡುಗೆಮನೆಗೆ ಹೋಗುತ್ತಾರೆ. ಕೆರೆದದ್ದನ್ನು ಮತ್ತೆ ಅಂಟಿಸಲಾಗದು. ಆದ್ದರಿಂದ ಕೈ ಗಟ್ಟಿಯಿರಬೇಕು, ಮನಸ್ಸು ಅಲ್ಲೇ ಇರಬೇಕು.

ಐವತ್ತೆರಡು ವರ್ಷದ ಹಿಂದೆ, ಝನ್ನಿ ಇಪ್ಪತ್ತಾರರ ಯುವಕನಾಗಿದ್ದಾಗ, ಗುರುವಿನ ನೆರವಿಲ್ಲದೆ ಒಬ್ಬನೇ ಕೆರೆದ ಮೊದಲ ಗೋಡೆ ಮಾರ್ಕೆಲ್ಲಳದು. ಅವಳ ಮದುವೆಗೆಂದು ತಾಯಿ ಮನೆಯನ್ನು ಅವಳ ಹೆಸರಿಗೆ ಮಾಡಿ, ಗೋಡೆಗೆ ಹೊಸ ಗಾರೆ ಹಾಕಿಸಿದ್ದಳು. ಮೂರನೆಯ ಸಾಲಿನ ನಡುವೆ ಝನ್ನಿಯ ಮುಳ್ಳುಚಮಚದ ಒಂದು ಹಲ್ಲು ಮುರಿಯಿತು. ಸುಣ್ಣ ಆರುತ್ತಿತ್ತು. ಕಿಟಕಿಯೊಳಗೆ ಮದುವೆಯ ಪಾತ್ರೆಗಳನ್ನು ಒರೆಸುತ್ತ ಕೂತಿದ್ದ ಮಾರ್ಕೆಲ್ಲಳನ್ನು ಒಂದು ಮುಳ್ಳುಚಮಚ ಕೊಡು ಎಂದು ಕೇಳಿದ. ಅವಳು ಹಿಡಿಯ ಮೇಲೆ ದ್ರಾಕ್ಷಿ ಬಳ್ಳಿ ಕೆತ್ತಿದ್ದ ಆರರ ಕಟ್ಟಿನಿಂದ ಒಂದನ್ನು ಎತ್ತಿ ಕೊಟ್ಟಳು. ಕೊಡುವಾಗ ಏನೋ ಅಂದಳು, ನಕ್ಕಳು. ಝನ್ನಿ ಗೋಡೆಗೆ ತಿರುಗಿದ, ಕೆರೆದ. ಊರಿನ ತ್ರಿಕೋನಗಳೆಲ್ಲ ಮೊನೆ ಮೇಲೆ ಮಾಡಿ ನಿಂತಿದ್ದರೆ ಅದೊಂದು ಮೊನೆ ಕೆಳಗೆ ಮಾಡಿ ನಿಂತಿತು.

ಮದುವೆಯ ಮೆರವಣಿಗೆ ಬಾಗಿಲಿಗೆ ಬಂದಾಗ ಪಿಟೀಲಿನವನು ತನ್ನ ಕಮಾನು ಎತ್ತಿ ಅದನ್ನೇ ತೋರಿಸಿದ. ಊರೆಲ್ಲ ನಕ್ಕಿತು. ಅಂದಿನಿಂದ ಅವನು ತಲೆಕೆಳಗು ಝನ್ನಿ. ಆಮೇಲೆ ಅವನು ನಲವತ್ತು ಗೋಡೆ ಕೆರೆದ, ಒಂದರಲ್ಲೂ ಕೂದಲೆಳೆಯಷ್ಟು ತಪ್ಪಿಲ್ಲ. ಸರಿಯಾದ ಗೋಡೆಗಳನ್ನು ದೇವರು ನೋಡುತ್ತಾನೆ ಎಂದು ನಂಬೋಣ, ಊರಿನವರಂತೂ ನೋಡುವುದಿಲ್ಲ. ಬಂದ ನೆಂಟರನ್ನು ನೇರ ಮಾರ್ಕೆಲ್ಲಳ ಮನೆಯ ಮುಂದೆ ನಿಲ್ಲಿಸಿ ಬೆರಳು ತೋರಿಸುತ್ತಿದ್ದರು. ಝನ್ನಿ ಇಗರ್ಜಿಗೆ ಹೋಗಬೇಕಾದರೂ ಹಿಂದಿನ ಓಣಿ ಬಳಸಿ ಹೋಗುತ್ತಿದ್ದ. ಕಾಫಿ ಅಂಗಡಿಯಲ್ಲಿ ಆ ಗೋಡೆಗೆ ಬೆನ್ನು ಮಾಡಿಯೇ ಕೂರುತ್ತಿದ್ದ. ಆ ಮುಳ್ಳುಚಮಚವೂ ಅವನ ಹತ್ತಿರವೇ ಉಳಿಯಿತು. ಅದನ್ನು ಕೊಡಲು ಹೋದರೆ ಆ ಗೋಡೆಯ ಕೆಳಗೆ ನಿಲ್ಲಬೇಕಲ್ಲ.

ಮಾರ್ಕೆಲ್ಲ ಪೊರಕೆ ಹಿಡಿದು ಹೊರಗೆ ಬರುವಷ್ಟರಲ್ಲಿ ಎಪ್ಪತ್ತೆಂಟರ ಆ ಮುದುಕ ಚೌಕ ದಾಟಿ ಅವಳ ಬಾಗಿಲಲ್ಲಿ ನಿಂತಿದ್ದ.

"ನಾಳೆನೇ ಗಾರೆ ಕಲಸ್ತೀನಿ ಮಾರ್ಕೆಲ್ಲ. ಕೂಲಿ ಗೀಲಿ ಏನೂ ಬೇಡ. ಇದೇ ನನ್ನ ಕೊನೇ ಗೋಡೆ. ಅದೊಂದು ನೆಟ್ಟಗೆ ಮಾಡ್ಬಿಟ್ರೆ ನೆಮ್ಮದಿಯಾಗಿ ಕಣ್ಣು ಮುಚ್ತೀನಿ."

"ಬಾಗಿಲಿಗೆ ಬರೋಕೆ ಐವತ್ತೆರಡು ವರ್ಷ ತಗೊಂಡೆ, ಕಣ್ಣು ಮುಚ್ಚೋಕೆ ಇಷ್ಟು ಅವಸರವಾ?" ಎಂದಳು ಅವಳು. "ಅದಿರ್ಲಿ, ನನ್ನ ಫೋರ್ಕ್ ತಂದ್ಯಾ?"

ಮೇಸ್ತ್ರಿ ಆಕಾಶ ನೋಡಿದ. "ಮಳೆ ಹೋಯ್ತು ಅಂತ ಕಾಣ್ಸತ್ತೆ," ಎಂದ.

"ಮೊದ್ಲು ಕಾಗದ ಆಗ್ಬೇಕು ಮೇಸ್ತ್ರಿ. ಕಾಗದ ಇಲ್ದೆ ಮುಟ್ಟಿದ್ರೆ ನಿನ್ನನ್ನೂ ಹಿಡೀತಾರೆ, ನನ್ನನ್ನೂ ಹಿಡೀತಾರೆ."

ಅದು ನಿಜ. ನಮ್ಮೂರಿನ ಹಳೆಯ ಕೋಟೆಯೊಳಗಿನ ಯಾವ ಮನೆಯ ಹೊರಮೈಯನ್ನೂ, ಹಳೆಯ ಕಟ್ಟಡಗಳನ್ನು ಕಾಯುವ ಪೇಟೆಯ ಕಚೇರಿಯ ಅಪ್ಪಣೆಯಿಲ್ಲದೆ ಮುಟ್ಟುವಂತಿಲ್ಲ. ಪಾಂದೆಲಿ ತನ್ನ ಅಂಗಡಿಯ ಮುಂದೆ ಕೆಂಪು ನೆರಳುಬಟ್ಟೆ ಕಟ್ಟಲು ಅರ್ಜಿ ಹಾಕಿ, ಎರಡು ವರ್ಷ ಓಡಾಡಿ, ಕೊನೆಗೆ ಒಣ ಅಂಜೂರದ ಬಣ್ಣದ್ದಕ್ಕೆ ಅಪ್ಪಣೆ ಪಡೆದವನು. "ಮುಂದಿನ ಸಲ ಮೀಸೆಗೆ ಬಣ್ಣ ಹಚ್ಚೋಕೂ ಅರ್ಜಿ ಹಾಕ್ಬೇಕು, ಅದೂ ಹೊರಮೈಲೇ ಇದೆಯಲ್ಲ," ಎಂದು ಕಂಡವರಿಗೆಲ್ಲ ಹೇಳುತ್ತಿದ್ದ.

ಹತ್ತು ದಿನಕ್ಕೆ ಕಚೇರಿಯಿಂದ ಥೆಯಾನೊ ಬಂದಳು. ಮೂವತ್ತರ ಆಸುಪಾಸಿನ ಎಂಜಿನಿಯರ್, ಮಾತು ಕಡಿಮೆ, ಅಳತೆ ಜಾಸ್ತಿ. ಬಿದ್ದ ಜಾಗವನ್ನು ಮೂರು ಸಲ ಅಳೆದಳು. ಮಾರ್ಕೆಲ್ಲ ಅವಳನ್ನು ಒಳಗೆ ಕೂರಿಸಿ, ತಣ್ಣೀರಿನ ಲೋಟದಲ್ಲಿ, ನಮ್ಮ ಮಸ್ತಿಕ ಗಿಡದ ಅಂಟಿನಿಂದ ಮಾಡಿದ ಬಿಳಿಯ ಮಿಠಾಯಿಯ ಚಮಚ ಅದ್ದಿ ಕೊಟ್ಟಳು.

"ಬೀಳೋಕೆ ಮೊದ್ಲು ಗೋಡೆ ಹೇಗಿತ್ತು ಅನ್ನೋಕೆ ಫೋಟೊ ಏನಾದ್ರೂ ಇದೆಯಾ ಅಜ್ಜಿ?"

ಬಾಗಿಲ ಬಳಿ ನಿಂತಿದ್ದ ಝನ್ನಿ ಕೆಮ್ಮಿದ. "ಫೋಟೊ ಎಲ್ಲಿಂದ ಬರ್ಬೇಕು ತಾಯಿ. ಆಗೆಲ್ಲ ನಮ್ಮಲ್ಲಿ ಕ್ಯಾಮೆರಾನೇ ಇರ್ಲಿಲ್ಲ."

"ಒಂದಿದೆ," ಎಂದಳು ಮಾರ್ಕೆಲ್ಲ. ಗೋಡೆಯ ಮೊಳೆಯಿಂದ ಮದುವೆಯ ಚಿತ್ರವನ್ನು ಇಳಿಸಿ ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆಯಿಂದ ಧೂಳು ಒರೆಸಿದಳು. ಬಾಗಿಲಲ್ಲಿ ಮದುಮಗಳು, ಪಕ್ಕದಲ್ಲಿ ಮದುಮಗ ಇಸಿದೋರ, ಬದಿಯಲ್ಲಿ ಕಮಾನು ಎತ್ತಿದ ಪಿಟೀಲಿನವನು. ಆ ಕಮಾನಿನ ತುದಿಯಲ್ಲಿ, ಗೋಡೆಯ ಮೇಲೆ, ತಲೆಕೆಳಗಾದ ತ್ರಿಕೋನ.

ಥೆಯಾನೊ ಬಹಳ ಹೊತ್ತು ನೋಡಿದಳು. "ತುಂಬಾ ಒಳ್ಳೇದಾಯ್ತು. ಇದೇ ಥರ ಮಾಡ್ಬೇಕು. ಇದ್ದದ್ದು ಇದ್ದ ಹಾಗೆ."

"ಇದ್ದ ಹಾಗೆ ಅಂದ್ರೆ," ಎಂದ ಝನ್ನಿ, "ಸಾಲು ಹೇಗಿರ್ಬೇಕೋ ಹಾಗೆ ತಾನೆ?"

"ಅಲ್ಲ ಮೇಸ್ತ್ರಿಗಳೇ. ಸಾಲು ಹೇಗಿತ್ತೋ ಹಾಗೆ. ನೀವು ನಕ್ಷೆ ಬರೆದು ಕಳ್ಸಿ. ಅದು ಫೋಟೊಗೆ ಸರಿಹೊಂದಿದ್ರೆ ಅಪ್ಪಣೆ ಕೊಡ್ತೀವಿ. ಬೇಸಿಗೆ ಬಿಸಿಲು ಬಲಿಯೋಕೆ ಮುಂಚೆ ಮುಗಿಸ್ಬೇಕು, ಇಲ್ದಿದ್ರೆ ಗಾರೆ ಬಿರುಕು ಬಿಡತ್ತೆ. ಹಾಗೇ ಬಿಟ್ರೆ ಮುಂದಿನ ಮಳೆಗೆ ಉಳಿದ ಗೋಡೆನೂ ಬೀಳತ್ತೆ."

ಝನ್ನಿ ನಕ್ಷೆ ಬರೆದ. ಎರಡು ರಾತ್ರಿ ನಿದ್ದೆಗೆಟ್ಟು ಬರೆದ ಚಂದದ ನಕ್ಷೆ, ಎಲ್ಲ ಮೊನೆಗಳೂ ಮೇಲಕ್ಕೆ. ಹದಿನೈದು ದಿನಕ್ಕೆ ಅದು ಮರಳಿ ಬಂತು: ಚಿತ್ರಕ್ಕೆ ಹೊಂದುತ್ತಿಲ್ಲ. ಎರಡನೆಯದನ್ನು ಕಳಿಸಿದ. ಅದರಲ್ಲಿ ಮೂರನೆಯ ಸಾಲಿನ ಆ ಜಾಗದ ಮೇಲೆ ಕಾಫಿ ಚೆಲ್ಲಿತ್ತು. ಅದೂ ಮರಳಿ ಬಂತು, ಅಂಚಿನಲ್ಲಿ ಪೆನ್ಸಿಲಿನ ಒಂದು ಸಾಲು: ಮೇಸ್ತ್ರಿಗಳೇ, ಕಾಫಿ ಬಹಳ ಗುರಿಯಿಟ್ಟು ಬಿದ್ದಿದೆ.

"ಸಕ್ಕರೆ ಹಾಕಿದ್ದಾ, ಹಾಕದ್ದಾ ಅಂತ ಬರೀಲಿಲ್ವಾ?" ಎಂದು ಪಾಂದೆಲಿ ಕೇಳಿದ. "ನಮ್ಮ ಕಾಫಿ ಮೇಲೆ ಕಚೇರಿಯವರ ಅಭಿಪ್ರಾಯ ಇಲ್ಲೀತನಕ ಬಂದಿರ್ಲಿಲ್ಲ."

ಆಗಲೇ ಮೇ ತಿಂಗಳು. ಝನ್ನಿ ಭಾನುವಾರದ ಕೋಟು ಹಾಕಿಕೊಂಡು ಬಸ್ಸು ಹತ್ತಿದ. ಕಚೇರಿಯಲ್ಲಿ ಥೆಯಾನೊ ಅವನನ್ನು ಕೂರಿಸಿ ನೀರು ಕೊಟ್ಟಳು.

"ನೀವು ಓದಿದೋರು, ಹೇಳಿ ತಾಯಿ. ತಪ್ಪು ಅಂದ್ರೆ ಇತಿಹಾಸವಾ? ನನ್ನ ಕೈ ಜಾರ್ತು, ಅಷ್ಟೇ. ಊರಲ್ಲಿ ನಲವತ್ತು ಗೋಡೆ ಸರಿ ಮಾಡಿದೀನಿ. ಅವಕ್ಕೆಲ್ಲ ಬೆಲೆ ಇಲ್ಲ, ಇದಕ್ಕೆ ಮಾತ್ರ ಕಾವಲು ಕಾಯ್ತೀರಾ?"

"ನಲವತ್ತಕ್ಕೂ ಕಾಯ್ತೀವಿ. ನಿಮ್ಮ ನಲವತ್ತು ಬೀಳ್ತಿಲ್ಲ, ಅದಕ್ಕೇ ನಮಗೆ ಕೆಲಸ ಕಡಿಮೆ," ಎಂದು ಅವಳು ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ನಿಮ್ಮ ಸಂಕಟ ಅರ್ಥ ಆಗತ್ತೆ. ಒಂದು ದಾರಿ ಇದೆ. ಇದ್ದದ್ದನ್ನ ಬದಲಾಯಿಸ್ತೀವಿ ಅಂತ ಬೇರೆ ಅರ್ಜಿ ಇದೆ. ಮನೆಯವರೇ ಸಹಿ ಹಾಕ್ಬೇಕು. ಅಜ್ಜಿ ಬೇಡ ಅಂದ್ರೆ ಇಲ್ಲ. ಅಜ್ಜಿ ಆಗ್ಲಿ ಅಂದ್ರೆ ನಾನೇ ಸಮಿತಿ ಮುಂದೆ ನಿಂತು ಮಾತಾಡ್ತೀನಿ."

ಸಂಜೆಯ ಬಸ್ಸಿಗೆ ಝನ್ನಿ ಆ ಅರ್ಜಿಯೊಂದಿಗೆ ಮರಳಿದ. ನೇರ ಮಾರ್ಕೆಲ್ಲಳ ಮನೆಗೆ ಹೋದ. ಅವಳು ಬಾಗಿಲ ಮುಂದೆ ತಗ್ಗು ಪೀಠದ ಮೇಲೆ ಕೂತು ಮಡಿಲಲ್ಲಿ ತಟ್ಟೆ ಇಟ್ಟುಕೊಂಡು, ಹಳೆಯ ಮಸ್ತಿಕದ ಅಂಟಿನ ಹನಿಗಳಿಂದ ಚೂರಿಯ ತುದಿಯಲ್ಲಿ ಕಸ ಬಿಡಿಸುತ್ತಿದ್ದಳು. ಅವನು ಕಾಗದವನ್ನು ಮುಂದೆ ಹಿಡಿದ. ಅವಳು ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನ ತನಕ ಓದಿದಳು.

"ಪೆನ್ ಕೊಡು," ಎಂದಳು.

"ಯೋಚನೆ ಮಾಡೋದಿಲ್ವಾ?"

"ನೀನು ಕೇಳಿದ್ದು ನನಗೆ ಸಾಕು ಮೇಸ್ತ್ರಿ. ಇಷ್ಟು ವರ್ಷ ನೀನು ಹಿಂದಿನ ಓಣಿ ಸವೆಸಿದ್ದನ್ನ ನಾನು ನೋಡಿಲ್ವಾ." ತಟ್ಟೆಯನ್ನೇ ಮೇಜು ಮಾಡಿಕೊಂಡು ಸಹಿ ಹಾಕಿದಳು. ಕಾಗದವನ್ನು ಅವನಿಗೆ ಕೊಟ್ಟು ಮತ್ತೆ ಚೂರಿ ಹಿಡಿದಳು. "ಇಸಿದೋರನಿಗೆ ಮಾತ್ರ ಹೇಳ್ಬೇಡ."

ಇಸಿದೋರ ತೀರಿಕೊಂಡು ಮೂರು ವರ್ಷವಾಗಿತ್ತು.

"ಕೊನೇ ಕಾಲದಲ್ಲಿ ಅವನಿಗೆ ನೆನಪು ಹೋಗಿತ್ತು, ನಿನಗೂ ಗೊತ್ತು. ನನ್ನ ಹೆಸರೂ ಬರ್ತಿರ್ಲಿಲ್ಲ. ಆದ್ರೂ ಬೆಳಿಗ್ಗೆ ಎದ್ದು ಮಸ್ತಿಕದ ಗಿಡಗಳ ಹತ್ತಿರ ಹೋಗೋನು. ಬಾಗಿಲು ಹಾಕಿದ್ರೆ ಅಳೋನು, ಅದಕ್ಕೆ ಬಿಡ್ತಿದ್ದೆ. ಸಂಜೆ ಚೌಕಕ್ಕೆ ಬಂದು ನಿಂತ್ಕೊಂಡು ಒಂದೊಂದೇ ಗೋಡೆ ನೋಡೋನು. ನೀವು ಮೇಸ್ತ್ರಿಗಳು ಊರನ್ನೆಲ್ಲ ಒಂದೇ ಥರ ಕೆರೆದಿದೀರಲ್ಲ, ಪಾಪ, ಅವನಿಗೆ ಹೇಗೆ ತಿಳೀಬೇಕು. ಕೊನೆಗೆ ಅದು ಕಣ್ಣಿಗೆ ಬೀಳೋದು. ತಲೆಕೆಳಗು ಝನ್ನಿ, ಅನ್ನೋನು. ನಗ್ತಾ ಬಂದು ಬಾಗಿಲು ತಟ್ಟೋನು." ಅವಳು ಒಂದು ಹನಿಯನ್ನು ಬೆಳಕಿಗೆ ಹಿಡಿದು ನೋಡಿ ತಟ್ಟೆಗೆ ಹಾಕಿದಳು. "ನೀನು ಅವತ್ತೇ ಸರಿಯಾಗಿ ಕೆರೆದಿದ್ರೆ, ಎರಡು ವರ್ಷ ಅವನು ದಿನಾ ಸಂಜೆ ಪಾಂದೆಲಿ ಮನೇಲೇ ಊಟಕ್ಕೆ ಕೂತಿರೋನು. ಪಾಂದೆಲಿ ಹೆಂಡತಿ ಅಡುಗೆ ತಿಂದು ಇನ್ನೂ ಬೇಗ ಹೋಗಿರೋನು."

ಝನ್ನಿಗೆ ನಗು ಬಂತು, ಪೂರ್ತಿ ಬರಲಿಲ್ಲ. ಕಾಗದವನ್ನು ಮಡಚಿ ಕೋಟಿನ ಒಳಜೇಬಿಗೆ ಹಾಕಿಕೊಂಡ. ಹೋಗುವಾಗ ಹಿಂದಿನ ಓಣಿ ಹಿಡಿಯಲಿಲ್ಲ. ಚೌಕದ ನಡುವೆಯೇ ನಡೆದು ಹೋದ.

ಆ ವಾರ ಅವನು ಕಚೇರಿಗೆ ಮತ್ತೊಂದು ಲಕೋಟೆ ಕಳಿಸಿದ. ಅದರಲ್ಲಿ ಸಹಿಯಾದ ಅರ್ಜಿ ಇತ್ತೋ ಮೂರನೆಯ ನಕ್ಷೆ ಇತ್ತೋ, ಯಾರಿಗೂ ಹೇಳಲಿಲ್ಲ. ಅಪ್ಪಣೆ ಬಂತು. ಅದನ್ನೂ ತೋರಿಸಲಿಲ್ಲ. ಪಾಂದೆಲಿ ಮೂರು ದಿನ ಅವನಿಗೆ ಬಿಟ್ಟಿ ಕಾಫಿ ಕೊಟ್ಟು ನೋಡಿದ. ಝನ್ನಿ ಮೂರನ್ನೂ ಕುಡಿದು ಬಾಯಿ ಒರೆಸಿಕೊಂಡ.

ಜೂನ್ ಮೊದಲ ವಾರ, ಮೋಡ ಮುಸುಕಿದ ತಂಪು ಬೆಳಿಗ್ಗೆ, ಸುಣ್ಣಕ್ಕೆ ಹೇಳಿ ಮಾಡಿಸಿದಂಥ ದಿನ, ಅಟ್ಟಣೆ ಏರಿತು. ಥೆಯಾನೊ ಮದುವೆಯ ಚಿತ್ರದ ಪ್ರತಿ ಹಿಡಿದು ಕೆಳಗೆ ನಿಂತಳು. ಕಾಫಿ ಅಂಗಡಿಯವರೆಲ್ಲ ಕುರ್ಚಿ ತಿರುಗಿಸಿಕೊಂಡು ಕೂತರು. ಪಾದ್ರಿಗಳೂ ಏನೋ ಕೆಲಸವಿದ್ದವರಂತೆ ಅತ್ತ ಬಂದು, ಆ ಕೆಲಸ ಮರೆತವರಂತೆ ಅಲ್ಲೇ ನಿಂತರು.

ಝನ್ನಿ ಗಾರೆ ಮೆತ್ತಿದ, ಸುಣ್ಣ ಬಳಿದ, ಪಟ್ಟಿ ಇಟ್ಟು ಗೆರೆ ಎಳೆದ. ತನ್ನ ಕೆಲಸದ ಮುಳ್ಳುಚಮಚದಿಂದ ಮೊದಲ ತ್ರಿಕೋನ ಕೆರೆದ, ಮೊನೆ ಮೇಲೆ. ಎರಡನೆಯದು, ಮೊನೆ ಮೇಲೆ. ಮೂರನೆಯದು ಬಂದಾಗ ಕೈ ನಿಂತಿತು. ಕೋಟಿನ ಒಳಜೇಬಿನಿಂದ ಕಾಗದದಲ್ಲಿ ಸುತ್ತಿದ್ದ ಏನನ್ನೋ ತೆಗೆದ. ಕಾಗದ ಬಿಚ್ಚಿ ಜೇಬಿಗೆ ಹಾಕಿಕೊಂಡ. ಕೈಯಲ್ಲಿ ಉಳಿದದ್ದು ದ್ರಾಕ್ಷಿ ಬಳ್ಳಿಯ ಹಿಡಿಯಿದ್ದ ಮುಳ್ಳುಚಮಚ. ಅದರ ಹಲ್ಲುಗಳ ಸಂದಿಯಲ್ಲಿ ಐವತ್ತೆರಡು ವರ್ಷದ ಸುಣ್ಣ ಇನ್ನೂ ಇತ್ತು.

ಅದನ್ನು ಗೋಡೆಗೆ ತಂದ. ಕೈ ತಾನಾಗಿಯೇ ಮೊನೆ ಮೇಲಿನ ಕಡೆಗೆ ಹೋಯಿತು. ಹಿಂದೆ ಎಳೆದ. ಮತ್ತೆ ತಂದ. ಮತ್ತೆ ಅಲ್ಲಿಗೇ ಹೋಯಿತು.

"ಏನಾಯ್ತು ಮೇಸ್ತ್ರಿ?" ಎಂದು ಪಾಂದೆಲಿ ಕೆಳಗಿನಿಂದ ಕೂಗಿದ.

"ಬರ್ತಿಲ್ಲ ಕಣೋ. ನಲವತ್ತು ಗೋಡೆ ಸರಿ ಮಾಡಿ ಮಾಡಿ ಕೈ ಕೆಟ್ಟೋಗಿದೆ."

"ಸುಣ್ಣ ಆರ್ತಿದೆ ಮೇಸ್ತ್ರಿಗಳೇ," ಎಂದಳು ಥೆಯಾನೊ. ಅವಳ ದನಿಯಲ್ಲಿ ಈಗ ಅಳತೆ ಇರಲಿಲ್ಲ.

ಆಗ ಕಿಟಕಿ ತೆರೆಯಿತು. ಮಾರ್ಕೆಲ್ಲ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ಹೊರಗೆ ಬಾಗಿದಳು. ಅವನ ಕೈಯಲ್ಲಿದ್ದುದನ್ನು ಕಂಡಳು. ಅವತ್ತು ಅದನ್ನು ಕೊಡುವಾಗ ಅಂದದ್ದನ್ನೇ ಅಂದಳು.

"ಜೋಪಾನ. ಮದುವೆಗೆ ಅಂತ ತಂದಿದ್ದು ಅದು. ನಿನ್ನ ಮದುವೆಗಲ್ಲ, ನನ್ನ ಮದುವೆಗೆ."

ಹಾಗೆಂದು ನಕ್ಕಳು.

ಝನ್ನಿ ಗೋಡೆಗೆ ತಿರುಗಿದ, ಕೆರೆದ. ನಾಲ್ಕು ಎಳೆತಕ್ಕೆ ಕಪ್ಪು ಎದ್ದುಬಂತು. ಮೊನೆ ಕೆಳಗೆ.

ಚೌಕದಲ್ಲಿ ಯಾರೂ ನಗಲಿಲ್ಲ. ಆಮೇಲೆ ಪಾದ್ರಿಗಳು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಥೆಯಾನೊ ಚಿತ್ರವನ್ನು ಮೇಲೆತ್ತಿ ಒಂದು ಕಣ್ಣು ಮುಚ್ಚಿ ನೋಡಿ, "ಸರಿಯಾಗಿದೆ," ಎಂದು ಬರೆದುಕೊಂಡಳು. ಆ ತ್ರಿಕೋನದ ಬಗ್ಗೆ ಆ ಮಾತನ್ನು ಯಾರಾದರೂ ಹೇಳಿದ್ದು ಅದೇ ಮೊದಲು. ಝನ್ನಿ ಉಳಿದ ಸಾಲನ್ನು ಮುಗಿಸಿದ. ಅವಸರ ಮಾಡಲಿಲ್ಲ.

ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ಕೆಳಗಿಳಿದ. ಮುಳ್ಳುಚಮಚವನ್ನು ನಲ್ಲಿಯ ಕೆಳಗೆ ಹಿಡಿದು, ಉಗುರಿನಿಂದ ಹಲ್ಲುಗಳ ಸಂದಿಯ ಸುಣ್ಣವನ್ನೆಲ್ಲ ತೆಗೆದ, ಹೊಸದನ್ನೂ ಹಳೆಯದನ್ನೂ. ಅಂಗಿಯ ತುದಿಯಲ್ಲಿ ಒರೆಸಿದ. ಜೇಬಿನಿಂದ ಮಡಚಿದ ಕಾಗದ ತೆಗೆದು ಮತ್ತೆ ಅದರಲ್ಲೇ ಸುತ್ತಿದ.

ಮಾರ್ಕೆಲ್ಲ ಊಟಕ್ಕೆ ಮೇಜು ಸಿದ್ಧ ಮಾಡುತ್ತಿದ್ದಳು. ಅಟ್ಟಣೆ ಕಟ್ಟಿದವರಿಬ್ಬರು, ಥೆಯಾನೊ, ಪಾದ್ರಿಗಳು, ಮೇಸ್ತ್ರಿ, ತಾನು, ಒಟ್ಟು ಆರು ಜನ. ಐದು ತಟ್ಟೆಗಳ ಪಕ್ಕ ಬಳ್ಳಿಯ ಹಿಡಿಯ ಮುಳ್ಳುಚಮಚಗಳಿದ್ದವು. ಆರನೆಯದರ ಪಕ್ಕ, ಇಸಿದೋರ ಬದುಕಿದ್ದಾಗ ನೆಂಟರು ಬಂದರೆ ತಾನೇ ಹಿಡಿಯುತ್ತಿದ್ದ ಸೂಪಿನ ಚಮಚ.

ಝನ್ನಿ ಬಾಗಿಲಲ್ಲೇ ನಿಂತು ಪೊಟ್ಟಣವನ್ನು ಅವಳ ಕೈಗೆ ಕೊಟ್ಟ. ಅವಳು ಬಿಚ್ಚಿದಳು. ಸುತ್ತಿದ್ದದ್ದು ಆ ಅರ್ಜಿಯ ಕಾಗದ, ಅಡಿಯಲ್ಲಿ ಅವಳದೇ ಸಹಿ ಇತ್ತು. ಕಚೇರಿಯ ಮೊಹರಿನ ಜಾಗ ಖಾಲಿ ಇತ್ತು.

ಅವಳು ಕಾಗದವನ್ನು ಮಡಚಿ ಮದುವೆಯ ಚಿತ್ರದ ಹಿಂದೆ ಸಿಕ್ಕಿಸಿದಳು. ಆರನೆಯ ತಟ್ಟೆಯ ಪಕ್ಕದಿಂದ ಚಮಚ ತೆಗೆದು, ಮುಳ್ಳುಚಮಚವನ್ನು ಅಲ್ಲಿಟ್ಟಳು.

"ಕೂತ್ಕೋ ಮೇಸ್ತ್ರಿ," ಎಂದಳು. "ತಣ್ಣಗಾಗತ್ತೆ."